ಹೆಡ್ ಗ್ಯಾಸ್ಕೆಟ್ ಮನೆಯಲ್ಲೇ ಬದಲಾಯಿಸಬಹುದಾ?

ಓದುಗರ ಪ್ರಶ್ನೆ: “ನನ್ನ ಹತ್ರ ಹಳೇ ಮಾರುತಿ 800 ಇದೆ, ಕಾರ್ಬೊರೇಟರ್ ಮಾಡೆಲ್. ಘಾಟಿ ಹತ್ತುವಾಗ ಎರಡು ಸಲ ಜೋರಾಗಿ ಹೀಟ್ ಆಯ್ತು. ಆಮೇಲಿಂದ ರೇಡಿಯೇಟರ್ ನೀರು ಕಮ್ಮಿ ಆಗ್ತಾನೇ ಇದೆ, ಬಿಳಿ ಹೊಗೆ ಬೇರೆ. ಗ್ಯಾರೇಜಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದ್ರು. ಆಯಿಲ್, ಪ್ಲಗ್, ಬ್ರೇಕ್ ಶೂ ಎಲ್ಲ ನಾನೇ ಹಾಕ್ತೀನಿ. ಇದನ್ನೂ ಮನೆಯಲ್ಲೇ ಮಾಡಬಹುದಾ?”

ಮಾಡಬಹುದು. ನಿಮ್ಮ ಗಾಡಿಗಂತೂ ಧೈರ್ಯವಾಗಿ ಹೌದು ಅಂತೀನಿ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವೆ ಇಡುವ ತೆಳು ಪ್ಯಾಕಿಂಗ್. ಸಿಲಿಂಡರ್‌ನ ಹೊಗೆ, ನೀರು, ಆಯಿಲ್ ಒಂದಕ್ಕೊಂದು ಸೇರದಂತೆ ಅದು ತಡೆಯುತ್ತದೆ. 796 ಸಿಸಿ, ಮೂರು ಸಿಲಿಂಡರ್, ವಾಲ್ವ್ ತೆರೆಯೋಕೆ ಒಂದೇ ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸೋಕೆ ಟೈಮಿಂಗ್ ಬೆಲ್ಟ್. ಬಾನೆಟ್ ಎತ್ತಿದರೆ ಕೈ ಹಾಕೋಕೆ ಜಾಗ ಇದೆ, ಬಿಡಿಭಾಗ ಈಗಲೂ ಸಿಗುತ್ತದೆ. ಇದೇ ಇಂಜಿನ್ ಓಮ್ನಿಯಲ್ಲಿ ಮುಂದಿನ ಸೀಟಿನ ಕೆಳಗೆ ಕೂತಿರುತ್ತದೆ, ಅಲ್ಲಿ ಅದೇ ಕೆಲಸ ಮಾಡೋಕೆ ಸಾಕಷ್ಟು ಒದ್ದಾಡಬೇಕು. ಕಾಮನ್ ರೈಲ್ ಡೀಸೆಲ್ ಗಾಡಿ ಇಟ್ಕೊಂಡು ಇದೇ ಪ್ರಶ್ನೆ ಕೇಳಿದವರಿಗೆ ಮಾತ್ರ ನಾನು ಬೇಡ ಅಂತಲೇ ಹೇಳ್ತೀನಿ. ಅನೇಕ ಡೀಸೆಲ್ ಇಂಜಿನ್‌ಗಳಲ್ಲಿ ಪಿಸ್ಟನ್ ಬ್ಲಾಕ್‌ನಿಂದ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜ್‌ನಲ್ಲಿ ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಇಂಧನದ ಲೈನ್‌ನಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಅದು ಮನೆಯಂಗಳದ ಕೆಲಸ ಅಲ್ಲ.

ಆದರೆ ನೀವು ಬಿಚ್ಚುವ ಮುಂಚೆ ಒಂದು ಮಾತು. ಗ್ಯಾಸ್ಕೆಟ್ ಹೋಗಿದೆ ಅಂತ ನಿಮಗೆ ಖಾತ್ರಿಯಾಗಿದೆಯಾ? ನೀರು ಕಮ್ಮಿ ಆಗೋದಕ್ಕೆ ಹತ್ತು ಕಾರಣ ಇರುತ್ತವೆ. ವಾಟರ್ ಪಂಪ್ ಸೋರಿಕೆ, ಹೀಟರ್ ಪೈಪ್, ಸವೆದ ರೇಡಿಯೇಟರ್ ಕ್ಯಾಪ್. ಕ್ಯಾಪ್ ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿದು ಓವರ್‌ಫ್ಲೋ ಡಬ್ಬಿಗೆ ಹೋಗಿ ಹೊರಗೆ ಚೆಲ್ಲುತ್ತದೆ. ಬೆಳಿಗ್ಗೆ ಚಳಿಯಲ್ಲಿ ಸೈಲೆನ್ಸರ್‌ನಿಂದ ಬರೋ ಬಿಳಿ ಆವಿ ಎಲ್ಲ ಗಾಡಿಯಲ್ಲೂ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ ಬರ್ತಿದ್ದರೆ, ಕೂಲಂಟ್ ಹಾಕಿದ ಗಾಡಿಯಾದರೆ ಅದರಲ್ಲಿ ಒಂಥರಾ ಸಿಹಿ ವಾಸನೆ ಇದ್ದರೆ, ಆಗ ಅನುಮಾನ ಪಡಿ.

ಮೂರು ಪರೀಕ್ಷೆ ನೀವೇ ಮಾಡಬಹುದು. ಮೊದಲನೆಯದಕ್ಕೆ ದುಡ್ಡೇ ಬೇಡ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದು ಬಾಯಿ ತನಕ ನೀರು ತುಂಬಿ ಸ್ಟಾರ್ಟ್ ಮಾಡಿ. ಒಳಗೆ ಉಳಿದ ಗಾಳಿಯ ಗುಳ್ಳೆ ಒಂದೆರಡು ಬಂದು ನಿಂತರೆ ಸರಿ. ಸ್ಟಾರ್ಟ್ ಆದ ತಕ್ಷಣದಿಂದ ಸಣ್ಣ ಗುಳ್ಳೆ ಬಿಡದೆ ಬರ್ತಾನೇ ಇದ್ದರೆ, ಆಕ್ಸಿಲರೇಟರ್ ಕೊಟ್ಟಷ್ಟೂ ಜಾಸ್ತಿಯಾದರೆ, ಸಿಲಿಂಡರ್‌ನ ಹೊಗೆ ನೀರಿನ ದಾರಿಗೆ ನುಗ್ತಿದೆ ಅಂತ ಅರ್ಥ. ಎರಡನೆಯದು ಕಂಪ್ರೆಷನ್ ಟೆಸ್ಟ್. ಪ್ಲಗ್ ಮೂರೂ ಬಿಚ್ಚಿ, ಇಗ್ನಿಷನ್ ಕಾಯಿಲ್ ವೈರ್ ತೆಗೆದು, ಒಂದೊಂದೇ ಪ್ಲಗ್ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಮಾತ್ರ ಒಟ್ಟಿಗೆ ಕಮ್ಮಿ ತೋರಿಸಿದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಗೆರೆ ಸುಟ್ಟಿದೆ. ಮೂರನೆಯದು ನೀಲಿ ದ್ರವದ ಟೆಸ್ಟ್. ರೇಡಿಯೇಟರ್ ಬಾಯಿಗೆ ಒಂದು ಗಾಜಿನ ನಳಿಗೆ ಇಟ್ಟು ಅಲ್ಲಿಂದ ಬರುವ ಗಾಳಿಯನ್ನು ದ್ರವದೊಳಗೆ ಹಾಯಿಸಿದರೆ, ಸುಟ್ಟ ಹೊಗೆಯ ಇಂಗಾಲದ ಡೈಆಕ್ಸೈಡ್ ಇದ್ದಾಗ ನೀಲಿ ಹೋಗಿ ಹಳದಿ ಆಗುತ್ತದೆ. ಆ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇನ್ನು ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಥರ ಆಗಿದ್ದರೆ ನೀರು ಒಳಗೆ ಸೇರಿದೆ, ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಆಯಿಲ್ ತುಂಬೋ ಮುಚ್ಚಳದ ಒಳಗೆ ಮಾತ್ರ ಒಂಚೂರು ಕೆನೆ ಕಂಡರೆ ಗಾಬರಿ ಬೇಡ. ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಸಾಮಾನ್ಯ.

ಈಗ ಈ ಕೆಲಸದ ತಿರುಳು ಹೇಳ್ತೀನಿ. ಗ್ಯಾಸ್ಕೆಟ್ ತಾನಾಗೇ ಹಾಳಾಗೋದು ಅಪರೂಪ. ಬಿಸಿ ಅದನ್ನು ಹಾಳು ಮಾಡುತ್ತದೆ. ಅಲ್ಯುಮಿನಿಯಂ ಒಂದೇ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೆಡ್ ಅಲ್ಯುಮಿನಿಯಂದು. ನೀರಿಲ್ಲದೆ ಓಡಿದಾಗ ಅದು ಹಿಗ್ಗೋಕೆ ನೋಡುತ್ತದೆ, ಬೋಲ್ಟ್‌ಗಳು ಬಿಡುವುದಿಲ್ಲ, ಕೊನೆಗೆ ಹೆಡ್ ಬೆಂಡ್ ಆಗುತ್ತದೆ. ಬೆಂಡ್ ಆದ ಹೆಡ್‌ ಕೆಳಗೆ ಹೊಸ ಗ್ಯಾಸ್ಕೆಟ್ ಇಟ್ಟರೆ ಎಷ್ಟು ದಿನ ಬಂದೀತು? ಹಾಗಾಗಿ ಹೊಸ ಗ್ಯಾಸ್ಕೆಟ್ ಇಡೋದು ಇಲ್ಲಿ ಸಣ್ಣ ಕೆಲಸ. ಹೆಡ್ ಸಮತಟ್ಟಾಗಿದೆಯಾ ನೋಡೋದು, ಹೀಟ್ ಯಾಕಾಯ್ತು ಅಂತ ಹುಡುಕೋದು, ಇವೆರಡೇ ದೊಡ್ಡವು. ಅದನ್ನು ಬಿಟ್ಟು ಬರೀ ಗ್ಯಾಸ್ಕೆಟ್ ಹಾಕಿ ಕೊಟ್ಟ ಗಾಡಿಗಳು ಮತ್ತೆ ಗ್ಯಾರೇಜಿಗೆ ಬರ್ತಾವೆ, ಜನ ಪಾಪ ಗ್ಯಾಸ್ಕೆಟ್ ಕಂಪನಿಯನ್ನು ಬೈತಾರೆ.

ಸಾಮಾನು ಮೊದಲೇ ತಂದಿಟ್ಕೊಳ್ಳಿ. ಹೆಡ್ ಗ್ಯಾಸ್ಕೆಟ್ ಒಂದೇ ತರೋದಕ್ಕಿಂತ ಪೂರ್ತಿ ಸೆಟ್ ತಗೊಳ್ಳೋದು ಒಳ್ಳೆಯದು, ಮ್ಯಾನಿಫೋಲ್ಡ್ ಪ್ಯಾಕಿಂಗ್, ವಾಲ್ವ್ ಸೀಲ್, ಟ್ಯಾಪೆಟ್ ಕವರ್ ಪ್ಯಾಕಿಂಗ್ ಎಲ್ಲ ಅದರಲ್ಲೇ ಬರುತ್ತವೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತದೆ, ಡೂಪ್ಲಿಕೇಟ್ ಬಗ್ಗೆ ಹುಷಾರು. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚುತ್ತೀರಿ, ಹೊಸದೇ ಹಾಕಿ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರು ಬಿಡುವ ವಾಲ್ವ್), ರೇಡಿಯೇಟರ್ ಕ್ಯಾಪ್, ಆಯಿಲ್, ಫಿಲ್ಟರ್, ಕೂಲಂಟ್ ಕೂಡ. ಟೂಲ್‌ಗಳಲ್ಲಿ ಟಾರ್ಕ್ ರೆಂಚ್ (ಬೋಲ್ಟನ್ನು ಎಷ್ಟು ಬಲದಲ್ಲಿ ಬಿಗಿದಿರಿ ಅಂತ ತೋರಿಸುವ ಸ್ಪ್ಯಾನರ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಬಾಡಿಗೆಗೋ ಸಾಲಕ್ಕೋ ತನ್ನಿ, ಆದರೆ ‘ಕೈ ಅಂದಾಜಿಗೆ ಸಾಕು’ ಅನ್ನುವವರ ಮಾತು ಕೇಳಬೇಡಿ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ ಇಟ್ಕೊಳ್ಳಿ. ಟಾರ್ಕ್ ಎಷ್ಟು, ಯಾವ ಬೋಲ್ಟ್ ಮೊದಲು, ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯಲ್ಲಿ ಬಿಡಬೇಕಾದ ಸಣ್ಣ ಸಂದು) ಎಷ್ಟು ಅನ್ನೋದಕ್ಕೆ ಯೂಟ್ಯೂಬ್ ವಿಡಿಯೋಗಿಂತ ಅದನ್ನು ನಂಬಿ.

ಬಿಚ್ಚೋದು ಅಷ್ಟೇನೂ ಕಷ್ಟ ಅಲ್ಲ, ತಾಳ್ಮೆ ಬೇಕು. ರಾತ್ರಿಯೇ ಗಾಡಿ ನಿಲ್ಲಿಸಿಬಿಡಿ, ಇಂಜಿನ್ ಪೂರ್ತಿ ತಣ್ಣಗಾಗಬೇಕು. ಬಿಸಿ ಹೆಡ್‌ನ ಬೋಲ್ಟ್ ಬಿಚ್ಚಿದರೆ ಹೆಡ್ ಬೆಂಡ್ ಆಗಬಹುದು. ಬ್ಯಾಟರಿ ಮೈನಸ್ ತೆಗೆಯಿರಿ. ಕೂಲಂಟನ್ನು ಬಕೆಟ್‌ಗೆ ಇಳಿಸಿ ಮುಚ್ಚಿಡಿ. ಅದು ಸಿಹಿ ಇರುತ್ತದೆ, ವಿಷ ಕೂಡ. ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ, ಮಕ್ಕಳಿರೋ ಮನೆಯಲ್ಲಿ ಇನ್ನೂ ಹುಷಾರು. ಸೈಲೆನ್ಸರ್ ಪೈಪ್ ಬಿಚ್ಚೋಕೆ ಗಾಡಿ ಕೆಳಗೆ ಹೋಗಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಪೆಟ್ರೋಲ್ ಪೈಪ್ ಬಿಚ್ಚುವ ಜಾಗದಲ್ಲಿ ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು.

ಪ್ರತಿ ಪೈಪ್, ಪ್ರತಿ ವೈರ್ ಬಿಚ್ಚುವ ಮುಂಚೆ ಫೋನ್‌ನಲ್ಲಿ ಫೋಟೋ ತೆಗೆಯಿರಿ. ಕಾರ್ಬೊರೇಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್‌ಗಳಿಗೆ ಟೇಪ್ ಸುತ್ತಿ ನಂಬರ್ ಬರೆಯಿರಿ, ಅಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಬೆಲ್ಟ್ ತೆಗೆಯುವ ಮೊದಲು ಕ್ರ್ಯಾಂಕ್ ತಿರುಗಿಸಿ ಟೈಮಿಂಗ್ ಮಾರ್ಕ್‌ಗಳನ್ನು ಕೂಡಿಸಿ, ಡಿಸ್ಟ್ರಿಬ್ಯೂಟರ್ ರೋಟರ್ ಯಾವ ಕಡೆ ಇದೆ ಅಂತಲೂ ಗುರುತು ಹಾಕಿ. ಹೆಡ್ ಬೋಲ್ಟ್ ಸಡಿಲಿಸೋದು ಎರಡು ತುದಿಯಿಂದ ನಡುವಿಗೆ, ಒಂದೇ ಸಲಕ್ಕಲ್ಲ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ. ಆಮೇಲೆ ಹೆಡ್ ಎದ್ದು ಬರಲ್ಲ, ಅಂಟಿಕೊಂಡಿರುತ್ತದೆ. ಆಗ ಎಲ್ಲರೂ ಮಾಡೋದು ಸ್ಕ್ರೂಡ್ರೈವರ್ ತುರುಕಿ ಮೀಟೋದು. ಮಾಡಬೇಡಿ. ಅಲ್ಲಿ ಬೀಳುವ ಒಂದು ಗೀರು ಸಾಕು ಮುಂದೆ ನೀರು ಸೋರೋಕೆ. ಮರದ ತುಂಡು ಇಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ.

ಎತ್ತಿದ ಮೇಲೆ ಹಳೇ ಗ್ಯಾಸ್ಕೆಟನ್ನು ಎಸೆಯಬೇಡಿ, ಬೆಳಕಲ್ಲಿ ಹಿಡಿದು ನೋಡಿ. ಎಲ್ಲಿ ಸುಟ್ಟಿದೆ, ಎಲ್ಲಿ ತುಕ್ಕು ತಿಂದಿದೆ ಅನ್ನೋದು ಅದರಲ್ಲೇ ಬರೆದಿರುತ್ತದೆ. ನೀರಿನ ತೂತುಗಳ ಸುತ್ತ ಬಿಳಿ ಗಟ್ಟಿ ಪದರ ಕಂಡರೆ ಇಷ್ಟು ದಿನ ಬೋರ್‌ವೆಲ್ ನೀರು ಹಾಕಿದ್ದಾರೆ. ನಮ್ಮ ಕಡೆ ಹೀಟ್ ಆಗೋ ಎಷ್ಟೋ ಗಾಡಿಗಳ ಕಥೆ ಇದೇ. ಆ ಗಡಸು ನೀರಿನ ಸುಣ್ಣ ರೇಡಿಯೇಟರ್‌ನ ಸಣ್ಣ ಕೊಳವೆಗಳನ್ನು ಮುಚ್ಚಿಬಿಡುತ್ತದೆ.

ಹೆಡ್‌ನ ತಳಕ್ಕೆ ನೇರ ಉಕ್ಕಿನ ಪಟ್ಟಿ ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಕೆಳಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. ಸಾಮಾನ್ಯವಾಗಿ ಮಿತಿ 0.05 ಮಿ.ಮೀ. ಅಂದರೆ ಆ ದಪ್ಪದ ಎಲೆ ಎಲ್ಲೂ ನುಗ್ಗಬಾರದು. ನುಗ್ಗಿದರೆ ಲೇತ್‌ಗೆ ಕೊಟ್ಟು ಫೇಸಿಂಗ್, ಅಂದರೆ ತಳ ಕೆರೆದು ಸಮ, ಮಾಡಿಸಬೇಕು. ನನ್ನನ್ನು ಕೇಳಿದರೆ, ಎರಡು ಸಲ ಹೀಟ್ ಆದ ಹೆಡ್ ಅಂದ ಮೇಲೆ ಗೇಜ್ ಏನೇ ಹೇಳಲಿ, ಸುಮ್ನೆ ಲೇತ್‌ಗೆ ಒಯ್ಯಿರಿ. ಎಷ್ಟು ಕಮ್ಮಿ ತೆಗೆದರೆ ಸಮ ಆಗುತ್ತದೋ ಅಷ್ಟೇ ತೆಗೆಯಲು ಹೇಳಿ, ಬಿರುಕು ಇದೆಯಾ ಅಂತ ಪ್ರೆಷರ್ ಟೆಸ್ಟ್ ಕೂಡ ಮಾಡಿಸಿ. ಬಿರುಕು ಸಾಮಾನ್ಯವಾಗಿ ಎರಡು ವಾಲ್ವ್‌ಗಳ ನಡುವಿನ ಸಣ್ಣ ಜಾಗದಲ್ಲಿ ಬರುತ್ತದೆ, ಬರಿಗಣ್ಣಿಗೆ ಕಾಣೋದೇ ಇಲ್ಲ. ಅಲ್ಲೇ ವಾಲ್ವ್ ಲ್ಯಾಪಿಂಗ್ (ವಾಲ್ವ್ ಸರಿಯಾಗಿ ಕೂರುವಂತೆ ಉಜ್ಜೋದು) ಮಾಡಿ ಹೊಸ ಸೀಲ್ ಹಾಕಿಸಿಬಿಟ್ಟರೆ ಇನ್ನೊಂದು ಸಲ ಬಿಚ್ಚೋ ಕೆಲಸ ಉಳಿಯುತ್ತದೆ. ಮನೆಯಲ್ಲೇ ಮಾಡೋದು ಅಂದರೆ ಲೇತ್‌ಗೂ ಹೋಗಬಾರದು ಅಂತಲ್ಲ, ಅಲ್ವಾ?

ಹೆಡ್ ಲೇತ್‌ನಲ್ಲಿರುವಾಗ ಬ್ಲಾಕ್ ಮೇಲ್ಮೈ ಸ್ವಚ್ಛ ಮಾಡಿ. ಸಿಲಿಂಡರ್‌ಗಳಿಗೆ, ಆಯಿಲ್ ದಾರಿಗಳಿಗೆ ಬಟ್ಟೆ ತುರುಕಿ, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಹಳೇ ಅಂಟು ಕೆರೆಯಿರಿ. ಡ್ರಿಲ್‌ಗೆ ಎಮರಿ ಡಿಸ್ಕ್ ಸಿಕ್ಕಿಸಿ ಉಜ್ಜೋದು ಬೇಡ. ಅದರ ಪುಡಿ ಆಯಿಲ್ ಜೊತೆ ಸೇರಿ ಬೇರಿಂಗ್ ತಿನ್ನುತ್ತದೆ, ಮೇಲ್ಮೈ ಕೂಡ ತಗ್ಗು ಬೀಳುತ್ತದೆ. ಬೋಲ್ಟ್ ತೂತುಗಳ ತಳದಲ್ಲಿ ನೀರೋ ಆಯಿಲ್ಲೋ ನಿಂತಿರುತ್ತದೆ, ಗಾಳಿ ಊದಿ ಪೂರ್ತಿ ಒಣಗಿಸಿ. ಒಳಗೆ ದ್ರವ ಉಳಿದರೆ ಬೋಲ್ಟ್ ಬಿಗಿಯುವಾಗ ಅದು ಹೋಗೋಕೆ ಜಾಗ ಇಲ್ಲದೆ ಬ್ಲಾಕ್ ಸೀಳಬಹುದು, ಇಲ್ಲವೇ ಬೋಲ್ಟ್ ಬಿಗಿಯಾಗದೆಯೇ ರೆಂಚ್ ಕ್ಲಿಕ್ ಅಂದುಬಿಡುತ್ತದೆ. ಬೋಲ್ಟ್ ಎಳೆಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ. ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಮ್ಯಾನ್ಯುಯಲ್ ಹೇಳುವ ಇಂಜಿನ್‌ಗಳಲ್ಲಿ ಬೋಲ್ಟ್ ಹಿಗ್ಗುವ ಜಾತಿಯವು ಇರುತ್ತವೆ. ಅವನ್ನು ಹೊಸದೇ ಹಾಕಬೇಕು, ಅಥವಾ ಮ್ಯಾನ್ಯುಯಲ್ ಅಳತೆ ಕೊಟ್ಟಿದ್ದರೆ ಉದ್ದ ಅಳೆದು ನೋಡಿ ಹಾಕಬೇಕು.

ಹೊಸ ಗ್ಯಾಸ್ಕೆಟ್ ಒಣಗಿದ ಮೇಲ್ಮೈ ಮೇಲೆ ಹಾಗೇ ಕೂರಿಸಿ. ಅನಾಬಾಂಡ್, ಶೆಲ್ಯಾಕ್ ಥರದ ಅಂಟು, ಗ್ರೀಸ್, ಏನೂ ಹಚ್ಚಬೇಡಿ, ಮ್ಯಾನ್ಯುಯಲ್ ಹೇಳಿದ್ದರೆ ಮಾತ್ರ. ಮೇಲ್ಭಾಗ ಯಾವುದು ಅಂತ ಅದರ ಮೇಲೆ ಗುರುತು ಇರುತ್ತದೆ. ತಿರುವುಮುರುವು ಹಾಕಿದರೆ ಆಯಿಲ್ ದಾರಿಯೇ ಮುಚ್ಚಿಹೋಗಬಹುದು. ಹೆಡ್ ಇಳಿಸೋಕೆ ಇನ್ನೊಬ್ಬರನ್ನು ಕರೆಯಿರಿ, ಅತ್ತಿತ್ತ ಎಳೆದಾಡಿ ಕೂರಿಸಿದರೆ ಗ್ಯಾಸ್ಕೆಟ್ ಕೆರೆದುಹೋಗುತ್ತದೆ. ಬಿಗಿಯೋದು ಈಗ ನಡುವಿನಿಂದ ತುದಿಗೆ. ಎರಡು ಮೂರು ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಟಾರ್ಕ್ ಏರಿಸ್ತಾ ಹೋಗಿ. ಈ ಹಂತದಲ್ಲಿ ಫೋನ್ ದೂರ ಇಡಿ. ಯಾವ ಬೋಲ್ಟ್ ಆಯ್ತು, ಯಾವುದು ಉಳಿಯಿತು ಅನ್ನೋದು ಮರೆತುಹೋಗದಂತೆ ಚಾಕ್‌ನಿಂದ ಗುರುತು ಹಾಕ್ತಾ ಬನ್ನಿ.

ಬೆಲ್ಟ್ ಹಾಕಿ ಮಾರ್ಕ್ ಕೂಡಿಸಿದ ಮೇಲೆ ಸೆಲ್ಫ್ ಹೊಡೆಯಬೇಡಿ. ಪ್ಲಗ್ ತೆಗೆದು ಸ್ಪ್ಯಾನರ್‌ನಿಂದ ಕ್ರ್ಯಾಂಕನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ ಮಾರ್ಕ್ ಮತ್ತೆ ನೋಡಿ. ಸರಿಯಿದ್ದರೆ ಟ್ಯಾಪೆಟ್ ಗ್ಯಾಪ್ ಸೆಟ್ ಮಾಡಿ, ಉಳಿದಿದ್ದನ್ನೆಲ್ಲ ಜೋಡಿಸಿ. ಹೊಸ ಆಯಿಲ್, ಹೊಸ ಫಿಲ್ಟರ್. ಕೂಲಂಟ್‌ಗೆ ಬೋರ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ, ಅಥವಾ ಮಿಕ್ಸ್ ಆಗಿ ಬರೋದೇ ತನ್ನಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ಇಟ್ಟು, ಕ್ಯಾಪ್ ತೆಗೆದು, ಐಡ್ಲಿಂಗ್‌ನಲ್ಲಿ ಓಡಿಸ್ತಾ ಒಳಗಿನ ಗಾಳಿ ಹೊರಗೆ ಹೋಗೋ ತನಕ ನಿಧಾನವಾಗಿ ತುಂಬಿ. ಒಳಗೆ ಗಾಳಿ ಉಳಿದರೆ ಅದೇ ಜಾಗದಲ್ಲಿ ಹೆಡ್ ಮತ್ತೆ ಕಾಯುತ್ತದೆ.

ಮೊದಲ ಸ್ಟಾರ್ಟ್‌ಗೆ ಹೊಗೆ ಬರುತ್ತದೆ, ಸೈಲೆನ್ಸರ್‌ನಲ್ಲಿ ಉಳಿದ ನೀರು ಅದು. ಹೆದರಬೇಡಿ. ಮೀಟರ್ ಮೇಲೆ ಕಣ್ಣಿರಲಿ. ರೇಡಿಯೇಟರ್ ಫ್ಯಾನ್ ತಾನಾಗೇ ಶುರುವಾಗೋ ತನಕ ಗಾಡಿ ಬಿಟ್ಟು ಕದಲಬೇಡಿ. ಶುರುವಾಗದೆ ಮುಳ್ಳು ಮೇಲೇರಿದರೆ ತಕ್ಷಣ ಆಫ್ ಮಾಡಿ. ನಿಮ್ಮ ಗಾಡಿ ಹೀಟ್ ಆಗಿದ್ದಕ್ಕೆ ಕಾರಣ ಫ್ಯಾನ್ ಸ್ವಿಚ್ಚೋ, ರಿಲೇನೋ, ಮೋಟರೋ ಇರಬಹುದು. ಫ್ಯಾನ್ ಸರಿ ಇದ್ದರೆ ರೇಡಿಯೇಟರ್ ಮುಟ್ಟಿ ನೋಡೋದಲ್ಲ, ಅದನ್ನು ಬಿಚ್ಚಿ ನೀರು ಹಾಯಿಸಿ ನೋಡಿ. ಹರಿವು ಕಮ್ಮಿ ಇದ್ದರೆ ಕ್ಲೀನ್ ಮಾಡಿಸಿ, ತೀರಾ ಕಟ್ಟಿದ್ದರೆ ಹೊಸದು ಹಾಕಿ. ದುಡ್ಡು ಉಳಿಸೋಕೆ ಅಂತ ಸೋರಿಕೆ ನಿಲ್ಲಿಸೋ ದ್ರವ ಸುರಿಯೋದು ಮಾತ್ರ ಬೇಡವೇ ಬೇಡ. ಅದು ಗ್ಯಾಸ್ಕೆಟ್ ತೂತು ಮುಚ್ಚಲಿ ಬಿಡಲಿ, ಹೀಟರ್ ಮತ್ತು ರೇಡಿಯೇಟರ್ ಕೊಳವೆಗಳನ್ನು ಮುಚ್ಚುವ ಅಪಾಯ ಇದ್ದೇ ಇದೆ.

ಗ್ಯಾಸ್ಕೆಟ್ ಹಳೇ ಬಗೆಯ ಕಾಂಪೊಸಿಟ್ ಆಗಿದ್ದರೆ, ಇಂಜಿನ್ ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ಮಾಡಲು ಮ್ಯಾನ್ಯುಯಲ್ ಹೇಳಬಹುದು. ಪದರಗಳ ಉಕ್ಕಿನ ಗ್ಯಾಸ್ಕೆಟ್‌ಗೆ ಸಾಮಾನ್ಯವಾಗಿ ಅದು ಬೇಕಿಲ್ಲ. ಮೊದಲು ಆಯಿಲ್‌ನಲ್ಲಿ ನೀರು ಸೇರಿದ್ದರೆ, ಊರೊಳಗೆ ಸ್ವಲ್ಪ ದಿನ ಓಡಿಸಿ ಆಯಿಲ್ ಇನ್ನೊಮ್ಮೆ ಬದಲಾಯಿಸಿ. ಒಂದು ವಾರ ದಿನಾ ಬೆಳಿಗ್ಗೆ ತಣ್ಣಗಿರುವಾಗ ಕೂಲಂಟ್ ಮಟ್ಟ, ಡಿಪ್‌ಸ್ಟಿಕ್ ಎರಡೂ ನೋಡ್ತಾ ಬನ್ನಿ. ಮೊದಲೆರಡು ದಿನ ಮಟ್ಟ ಒಂಚೂರು ಇಳಿದರೆ ಅದು ಉಳಿದ ಗಾಳಿ. ಆಮೇಲೂ ಇಳೀತಾನೇ ಇದ್ದರೆ ಆ ನೀಲಿ ದ್ರವದ ಟೆಸ್ಟ್ ಮತ್ತೆ ಮಾಡಿ ನೋಡಿ, ದೂರದ ಊರಿಗೆ ಈಗಲೇ ಹೊರಡಬೇಡಿ.