ಲಿಫ್ಟ್ ಎತ್ತರ: ಕಿಲೋಗ್ರಾಂನಲ್ಲಿ ಅಳೆಯಲಾಗದ್ದು

ಕಲಬುರಗಿ, ಬೀದರ್ ಕಡೆಯಲ್ಲಿ ಮಿನಿ ಟ್ರ್ಯಾಕ್ಟರ್ ಮಾರುವವರೂ ಕೊಳ್ಳುವವರೂ “ಲಿಫ್ಟ್ ಎತ್ತರ 750 ಕೆ.ಜಿ.” ಎಂದು ಹೇಳುವುದನ್ನು ಕೇಳಿ ಸಾಕಾಗಿದೆ. ಆ ಕಿಲೋ ಲೆಕ್ಕ ಎತ್ತುವ ಸಾಮರ್ಥ್ಯದ್ದು. ಅದನ್ನು ಸಾಮಾನ್ಯವಾಗಿ ಲೋವರ್ ಲಿಂಕುಗಳ (ಟ್ರ್ಯಾಕ್ಟರಿನ ಹಿಂದೆ ಉಪಕರಣವನ್ನು ಹಿಡಿದೆತ್ತುವ ಎರಡು ಕೆಳತೋಳುಗಳ) ತುದಿಯಿಂದ 610 ಮಿ.ಮೀ. ಹಿಂದಕ್ಕೆ ಭಾರವಿಟ್ಟು ಅಳೆಯುತ್ತಾರೆ. ಲಿಫ್ಟ್ ಎತ್ತರವೆಂದರೆ ಆ ತುದಿಗಳು ನೆಲದಿಂದ ಎಷ್ಟು ಮೇಲೇರಿ ನಿಲ್ಲುತ್ತವೆ ಎಂಬುದು ಮಾತ್ರ.

ಇವೆರಡೂ ಒಂದೇ ಅಲ್ಲವೆಂಬುದಷ್ಟೇ ಅಲ್ಲ, ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುತ್ತದೆ. ಲೋವರ್ ಲಿಂಕನ್ನು ಮೇಲಿನ ಲಿಫ್ಟ್ ಆರ್ಮಿಗೆ, ಅಂದರೆ ಹೈಡ್ರಾಲಿಕ್ ಬಲದಿಂದ ಏರಿಳಿಯುವ ತೋಳಿಗೆ, ಜೋಡಿಸುವ ಲಿಫ್ಟ್ ರಾಡ್ ಕೂಡಿಸಲು ಆ ಲಿಂಕಿನಲ್ಲಿ ಒಂದಕ್ಕಿಂತ ಹೆಚ್ಚು ತೂತುಗಳಿದ್ದರೆ, ರಾಡನ್ನು ಟ್ರ್ಯಾಕ್ಟರಿನ ಕಡೆಯ ತೂತಿಗೆ ಹಾಕಿದಾಗ ತುದಿ ಹೆಚ್ಚು ಏರುತ್ತದೆ, ಎತ್ತುವ ಭಾರ ಕಡಿಮೆಯಾಗುತ್ತದೆ. ಹಿಂದಿನ ತೂತಿಗೆ ಹಾಕಿದರೆ ಇದು ತಿರುವುಮುರುವು. ಎರಡೂ ರಾಡುಗಳನ್ನು ಗಿಡ್ಡ ಮಾಡಿದರೆ ಏರುವ ಮಿತಿ, ಇಳಿಯುವ ಮಿತಿ ಎರಡೂ ಮೇಲಕ್ಕೆ ಸರಿಯುತ್ತವೆ, ಆಗ ಕುಂಟೆ ನೆಲ ಮುಟ್ಟದೆ ತೇಲಿದರೆ ಹೈಡ್ರಾಲಿಕ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಯಬೇಕಾಗಿಲ್ಲ. ಹಿಡಿಕೆಯಿಂದ ತಿರುಗಿಸುವ ಬಲಗಡೆಯ ರಾಡ್ ಇರುವುದು ಉಪಕರಣವನ್ನು ಎಡಬಲಕ್ಕೆ ಸಮ ಮಾಡಲಿಕ್ಕೆ.

ಇನ್ನೂ ಹೆಚ್ಚು ಕಾಡುವುದು ಟಾಪ್ ಲಿಂಕಿನ, ಅಂದರೆ ಉಪಕರಣದ ಮೇಲ್ಭಾಗವನ್ನು ಟ್ರ್ಯಾಕ್ಟರಿಗೆ ಕೂಡಿಸುವ ಸರಳಿನ, ಗೊಂದಲ. ಅದನ್ನು ಗಿಡ್ಡ ಮಾಡಿದಾಗ ನೇಗಿಲಿನ ಹಿಂಭಾಗ ಮೇಲೆದ್ದು, ಮುಂಭಾಗ ನೆಲದ ಕಡೆ ಬಾಗುತ್ತದೆ. ಹಿಂದಿನಿಂದ ನೋಡುವವರಿಗೆ ಎತ್ತರ ಹೆಚ್ಚಿದಂತೆ ಕಾಣುತ್ತದೆ. ಬದಲಾಗಿರುವುದು ಓರೆ, ಲೋವರ್ ಲಿಂಕುಗಳು ಇದ್ದಲ್ಲಿಯೇ ಇರುತ್ತವೆ. ಎತ್ತರಕ್ಕೆಂದು ಟಾಪ್ ಲಿಂಕ್ ತಿರುಗಿಸಿ, ಎರೆ ಹೊಲದಲ್ಲಿ ನೇಗಿಲು ತಾನೇ ಆಳಕ್ಕೆ ಹೋಗುತ್ತಿದೆಯೆಂದು ದೂರುವುದರಲ್ಲಿ ಅರ್ಥವಿಲ್ಲ.

ದಿನನಿತ್ಯದ ಎತ್ತರವನ್ನು ನಿರ್ಧರಿಸುವುದು ಪೊಸಿಷನ್ ಕಂಟ್ರೋಲ್ ಲಿವರ್. ಲಿವರಿನ ಒಂದೊಂದು ಸ್ಥಾನಕ್ಕೂ ಲಿಂಕುಗಳ ಒಂದೊಂದು ಎತ್ತರ ನಿಗದಿಯಾಗಿದ್ದು, ಲಿಫ್ಟ್ ಆರ್ಮ್ ಅಲ್ಲಿಗೆ ಮುಟ್ಟಿದ ಕೂಡಲೇ ವಾಲ್ವ್ ತಟಸ್ಥಕ್ಕೆ ಮರಳುತ್ತದೆ. ಡ್ರಾಫ್ಟ್ ಕಂಟ್ರೋಲ್ ಅಳೆಯುವುದು ಎತ್ತರವನ್ನಲ್ಲ, ಎಳೆತವನ್ನು: ನೆಲ ಗಟ್ಟಿಯಾಗಿ ಎಳೆತ ಹೆಚ್ಚಿದಾಗ ಅದು ನೇಗಿಲನ್ನು ತುಸು ಎತ್ತುತ್ತದೆ, ಸಡಿಲವಾದಾಗ ಇಳಿಸುತ್ತದೆ. ಚರಿತ್ರೆಯಲ್ಲಿಯೂ ಎಳೆತವೇ ಮೊದಲು ಬಂದದ್ದು. 1939ರ ಟ್ರ್ಯಾಕ್ಟರ್ ಫೋರ್ಡ್-ಫರ್ಗುಸನ್ 9ಎನ್‌ನಲ್ಲಿ ಡ್ರಾಫ್ಟ್ ಕಂಟ್ರೋಲ್ ಇತ್ತು, ಪೊಸಿಷನ್ ಕಂಟ್ರೋಲ್ ಸೇರಿದ್ದು 1947ರಲ್ಲಿ ಬಂದ ಫೋರ್ಡ್ 8ಎನ್‌ಗೆ. ಬೀದರಿನ ಜಂಬಿಟ್ಟಿಗೆ ನೆಲದ ಗಟ್ಟಿ-ಮೆತ್ತನೆಯ ತಾವುಗಳಲ್ಲಿ ಡ್ರಾಫ್ಟ್ ಲಿವರ್ ಹಾಕಿಕೊಂಡು “ಎತ್ತರ ನಿಲ್ಲುತ್ತಿಲ್ಲ” ಎನ್ನುವವರು ಅದರ ಕೆಲಸವನ್ನೇ ದೋಷವೆಂದು ಎಣಿಸುತ್ತಿದ್ದಾರೆ. ಕೇವಲ ಪೊಸಿಷನ್ ಇರುವ ಸಣ್ಣ ಟ್ರ್ಯಾಕ್ಟರುಗಳಲ್ಲಂತೂ ಈ ಪ್ರಶ್ನೆಯೇ ಏಳುವುದಿಲ್ಲ.

ರೋಟಾವೇಟರ್ ಕೂಡಿಸಿದಾಗ ಗರಿಷ್ಠ ಎತ್ತರ ಬಳಸುವುದು ಜಾಣತನವಲ್ಲ. ತುಂಬ ಎತ್ತಿದರೆ, ಎಂಜಿನ್ನಿನ ಬಲವನ್ನು ಉಪಕರಣಕ್ಕೆ ಒಯ್ಯುವ ಪಿ.ಟಿ.ಒ. ಶಾಫ್ಟಿನ ಕೀಲು ಕಡಿದಾಗಿ ಬಾಗಿ ಗಡಗಡ ಸದ್ದು ಮಾಡುತ್ತದೆ, ತಿರುಗುತ್ತಲೇ ಇದ್ದರೆ ಮುರಿಯಲೂಬಹುದು. ತೊಗರಿ ಹೊಲದ ಬದುವಿನ ಬಳಿ ತಿರುಗುವಾಗ ಮೊದಲು ಪಿ.ಟಿ.ಒ. ಬಿಡಿಸಿ, ಬ್ಲೇಡುಗಳು ನೆಲ ಬಿಡುವಷ್ಟೇ ಎತ್ತಬೇಕು. ಲಿವರಿನ ಪಟ್ಟಿಯಲ್ಲಿ ತಡೆ ಇದ್ದರೆ ಅದನ್ನು ಆ ಎತ್ತರಕ್ಕೇ ಬಿಗಿದಿಡಬಹುದು.