ಚೆಶಿನ್: ಓಲ್ಜಾ ನದಿಯ ಎರಡು ದಡ

ಪೋಲೆಂಡ್ ಮತ್ತು ಚೆಕ್ ಗಣರಾಜ್ಯಗಳ ನಡುವಿನ ಗಡಿಯ ಬಹುಭಾಗ ಬೆಟ್ಟಸಾಲುಗಳ ಮೇಲೆ ಸಾಗುತ್ತದೆ. ಆದರೆ ಚೆಶಿನ್‌ನಲ್ಲಿ ಅದು ಒಂದೇ ಪಟ್ಟಣದ ನಡುವೆ ಹರಿಯುವ ಓಲ್ಜಾ ನದಿಯನ್ನು ಹಿಡಿದು ನಡೆಯುತ್ತದೆ. ಈ ಗೆರೆ ಏಕೆ ಇಲ್ಲಿಗೇ ಬಂದು ನಿಂತಿತೆಂಬುದು ತಿಳಿದರೆ ಇಡೀ ಪ್ರದೇಶದ ಚರಿತ್ರೆ ತಿಳಿದಂತೆ.

ಓಲ್ಜಾ ಪೋಲೆಂಡಿನ ಸೈಲೀಷಿಯನ್ ಬೆಸ್ಕಿಡ್ ಬೆಟ್ಟಗಳಲ್ಲಿ ಹುಟ್ಟಿ, ಚೆಕ್ ನೆಲವನ್ನು ಹಾದು, ಬೊಹುಮಿನ್ ಬಳಿ ಓಡ್ರಾ ನದಿಯನ್ನು ಸೇರುತ್ತದೆ. ಅದರ ಪಶ್ಚಿಮಕ್ಕೆ ಕಾರ್ವಿನಾದ ಕಲ್ಲಿದ್ದಲು, ತ್ರ್ಶಿನೆಟ್ಸ್‌ನ ಉಕ್ಕಿನ ಕಾರ್ಖಾನೆ, ಬೊಹುಮಿನ್‌ನಿಂದ ಸ್ಲೊವಾಕಿಯಾದ ಕೊಶಿತ್ಸೆಗೆ ಹೋಗುವ ರೈಲುಮಾರ್ಗ ಇವೆ. ಮುಂದಿನ ಜಗಳಕ್ಕೆಲ್ಲ ಮೂಲ ಈ ಮೂರೇ.

ಪೋಲಿಷ್ ಮೂಲದ ಪಿಯಾಸ್ಟ್ ವಂಶದ ಡ್ಯೂಕರು ಇಲ್ಲಿ 1653ರವರೆಗೆ ಆಳಿದರು. ಅನಂತರ ನಾಡು ಆಸ್ಟ್ರಿಯಾ ಸಾಮ್ರಾಜ್ಯವನ್ನಾಳಿದ ಹ್ಯಾಬ್ಸ್‌ಬರ್ಗ್ ಮನೆತನದ ಕೈಗೆ ಹೋಯಿತು. 1918ರಲ್ಲಿ ಆ ಸಾಮ್ರಾಜ್ಯ ಕುಸಿದಾಗ, ಸ್ಥಳೀಯ ಪೋಲಿಷ್ ಮತ್ತು ಚೆಕ್ ಸಮಿತಿಗಳು ನವೆಂಬರ್ 5ರಂದು ಜನರಾಡುವ ಭಾಷೆಯನ್ನು ನೋಡಿ ತಾತ್ಕಾಲಿಕವಾಗಿ ನೆಲ ಹಂಚಿಕೊಂಡವು. ಈ ಒಪ್ಪಂದವನ್ನು ಪಠ್ಯಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನೆರೆಹೊರೆಯವರು ತಾವೇ ಕುಳಿತು ಮಾಡಿಕೊಂಡ ಏರ್ಪಾಡು ಅದೊಂದೇ ಆದ್ದರಿಂದ ಅದಕ್ಕೆ ಹೆಚ್ಚಿನ ಗಮನ ಸಲ್ಲಬೇಕೆಂದು ನನ್ನ ಅನಿಸಿಕೆ. ಚೆಕ್ ಭೂಭಾಗವನ್ನು ಸ್ಲೊವಾಕಿಯಾದೊಂದಿಗೆ ಜೋಡಿಸುತ್ತಿದ್ದ ಮುಖ್ಯ ರೈಲುಮಾರ್ಗ ಕೈತಪ್ಪುವುದನ್ನು ಪ್ರಾಗ್‌ನಲ್ಲಿದ್ದ ಹೊಸ ಚೆಕೊಸ್ಲೊವಾಕಿಯಾದ ಸರ್ಕಾರ ಒಪ್ಪಲಿಲ್ಲ. 1919ರ ಜನವರಿ 23ರಂದು ಚೆಕೊಸ್ಲೊವಾಕ್ ಸೇನೆ ಒಳನುಗ್ಗಿತು. ನಾಡು ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಬಳಿಕ ಗೊತ್ತುಪಡಿಸಿದ ಜನಮತಗಣನೆ ನಡೆಯಲೇ ಇಲ್ಲ. ಸೋವಿಯತ್ ರಷ್ಯಾದೊಂದಿಗಿನ ಯುದ್ಧದಲ್ಲಿ ಪೋಲೆಂಡ್ ಕಂಗೆಟ್ಟಿದ್ದ 1920ರ ಜುಲೈ 28ರಂದು, ಮಿತ್ರರಾಷ್ಟ್ರಗಳ ರಾಯಭಾರಿಗಳ ಸಮ್ಮೇಳನ ಓಲ್ಜಾ ನದಿಯನ್ನೇ ಪಟ್ಟಣದ ಗಡಿಯಾಗಿಸಿತು.

ಇದರ ಪರಿಣಾಮವನ್ನು ಪಟ್ಟಣದಲ್ಲೇ ಕಾಣಬಹುದು. ಕೋಟೆಗುಡ್ಡ, ಮಾರುಕಟ್ಟೆ ಚೌಕ, ಹಳೆಯ ಬೀದಿಗಳು ಪೋಲೆಂಡಿಗೆ ಬಂದವು. ರೈಲು ನಿಲ್ದಾಣ ಚೆಕೊಸ್ಲೊವಾಕಿಯಾದ ಪಾಲಾಗಿ, ಅದರ ಸುತ್ತಲಿನ ಹೊರಕೇರಿ ಚೆಸ್ಕಿ ತ್ಯೆಶಿನ್ ಎಂಬ ಬೇರೆ ಪಟ್ಟಣವಾಯಿತು. ನಿಲ್ದಾಣದಿಂದ ಸೇತುವೆ ದಾಟಿ ಹಳೆಯ ಊರಿಗೆ 1911ರಿಂದ ಓಡುತ್ತಿದ್ದ ಟ್ರಾಮ್ 1921ರಲ್ಲಿ ನಿಂತುಹೋಯಿತು.

1938ರ ಅಕ್ಟೋಬರ್‌ನಲ್ಲಿ, ಚೆಕೊಸ್ಲೊವಾಕಿಯಾದ ಗಡಿನಾಡನ್ನು ಜರ್ಮನಿಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದದ ಬೆನ್ನಲ್ಲೇ, ಪೋಲೆಂಡ್ ಪಶ್ಚಿಮ ದಡವನ್ನು ವಶಪಡಿಸಿಕೊಂಡಿತು. ಮರುವರ್ಷ ಎರಡೂ ದಡಗಳು ಜರ್ಮನಿಯ ಪಾಲಾದವು. 1945ರಲ್ಲಿ ಹಳೆಯ ಗಡಿಯೇ ಮರಳಿತು; 1958ರ ಒಪ್ಪಂದ ಅದನ್ನು ಖಚಿತಪಡಿಸಿತು. 2007ರ ಡಿಸೆಂಬರ್ 21ರಂದು ಎರಡೂ ದೇಶಗಳು ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ಷೆಂಗೆನ್ ವಲಯ ಸೇರಿದ ಮೇಲೆ ಸೇತುವೆಯ ಮೇಲಿನ ತಪಾಸಣೆ ನಿಂತಿತು.

ಪಶ್ಚಿಮ ದಡಕ್ಕೆ ಪೋಲರು ಇಟ್ಟ ಹೆಸರು ಜಾಓಲ್ಜೆ, ಅಂದರೆ ಓಲ್ಜಾದ ಆಚೆಗಿನದು. ಅಲ್ಲಿಯ ಪೋಲಿಷ್ ಸಮುದಾಯದ ಮನೆಗಳಲ್ಲಿ ಇಂದಿಗೂ ಕೇಳಿಬರುವ ಆಡುಮಾತನ್ನು ಜನ ಪೋಲಿಷ್ ಎಂದಾಗಲಿ ಚೆಕ್ ಎಂದಾಗಲಿ ಕರೆಯದೆ ‘ಪೊ ನಾಶಿಮು’, ಅಂದರೆ ‘ನಮ್ಮ ರೀತಿ’, ಎನ್ನುತ್ತಾರೆ.