ಹೆಲಿಕಾಪ್ಟರ್ ಮಾರಾಟಕ್ಕೆ ತಡೆ ಎಲ್ಲಿ ಬೀಳುತ್ತದೆ? ಅಮೆರಿಕದ ಶಸ್ತ್ರ ರಫ್ತು ಕಾನೂನಿನ ಟಿಪ್ಪಣಿ

ಅಮೆರಿಕ ತನ್ನ ಮಿತ್ರ ದೇಶಕ್ಕೆ ಯುದ್ಧ ಹೆಲಿಕಾಪ್ಟರ್ ಮಾರುವಾಗ ಅದರ ಮೇಲೆ ಯಾರ ಕಣ್ಣಿರುತ್ತದೆ, ಬೇಡ ಅನ್ನಿಸಿದರೆ ಯಾರು ತಡೆಯಬಹುದು ಅನ್ನುವುದು ಈ ಟಿಪ್ಪಣಿಯ ವಿಷಯ. ಪರೀಕ್ಷೆಗೆ ನಾವು ಓದುವ ಗೈಡುಗಳಲ್ಲಿ "ಸಂಸತ್ತಿಗೆ ತಡೆಯುವ ಅಧಿಕಾರವಿದೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಸಾಲು ತಪ್ಪಲ್ಲ. ಆದರೆ ಅಷ್ಟನ್ನೇ ನಂಬಿಕೊಂಡು ಉತ್ತರ ಬರೆದರೆ ಮುಖ್ಯ ವಿಷಯವೇ ಬಿಟ್ಟುಹೋಗುತ್ತದೆ. ಯಾಕೆಂದರೆ ಅಮೆರಿಕದ ಸಂಸತ್ತು ವಿರೋಧ ನಿರ್ಣಯಕ್ಕೆ ಮತ ಹಾಕಿ ಒಂದು ಶಸ್ತ್ರ ಮಾರಾಟವನ್ನು ನಿಜವಾಗಿ ನಿಲ್ಲಿಸಿದ ಉದಾಹರಣೆ ಒಂದೂ ಇಲ್ಲ. ಹಾಗಂತ ಮಾರಾಟಗಳು ನಿಂತಿಲ್ಲವೇ ಅಂದರೆ, ಎಷ್ಟೋ ನಿಂತಿವೆ. ಮತಕ್ಕೆ ಬರುವ ಮೊದಲೇ ನಿಂತಿವೆ, ಬಂದು ಹೋದ ಮೇಲೂ ನಿಂತಿವೆ. ಎಲ್ಲಿ, ಹೇಗೆ ಅನ್ನುವುದನ್ನು ಹೆಲಿಕಾಪ್ಟರ್‌ಗಳ ಉದಾಹರಣೆಯಲ್ಲೇ ನೋಡೋಣ.

ಕಾನೂನು ಏನು ಹೇಳುತ್ತದೆ

ಮೂಲ ಕಾನೂನು 1976ರ ಶಸ್ತ್ರ ರಫ್ತು ನಿಯಂತ್ರಣ ಕಾಯ್ದೆ. ಅದರ 36ನೇ ಸೆಕ್ಷನ್ ನೆನಪಿಟ್ಟುಕೊಳ್ಳಿ. ಒಂದು ಮೊತ್ತಕ್ಕಿಂತ ದೊಡ್ಡ ಮಾರಾಟವಾದರೆ ಸರ್ಕಾರ ಮೊದಲು ಸಂಸತ್ತಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸಿ 30 ದಿನ ಕಾಯಬೇಕು. ನ್ಯಾಟೊ ದೇಶಗಳು ಮತ್ತು ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ಇಸ್ರೇಲ್, ನ್ಯೂಜಿಲೆಂಡ್‌ಗೆ 15 ದಿನ ಸಾಕು. ಭಾರತ ಈ ಪಟ್ಟಿಯಲ್ಲಿ ಇಲ್ಲ, 30 ದಿನದ ಸಾಲಿನಲ್ಲೇ ಇದೆ. ಇದನ್ನು ಜಾಸ್ತಿ ಜನ ತಪ್ಪು ಬರೆಯುತ್ತಾರೆ.

ಮೊತ್ತದ ಮಿತಿಯೂ ಎರಡು ಥರ. ದೊಡ್ಡ ಯುದ್ಧೋಪಕರಣಕ್ಕೆ 1.4 ಕೋಟಿ ಡಾಲರ್, ಒಟ್ಟು ಸಾಮಗ್ರಿ ಮತ್ತು ಸೇವೆಗೆ 5 ಕೋಟಿ ಡಾಲರ್ ಅನ್ನುವುದು ಬಹುಕಾಲ ನಡೆದುಬಂದ ಲೆಕ್ಕ. ಮೇಲಿನ ಆಪ್ತ ದೇಶಗಳಿಗೆ ಅದು 2.5 ಕೋಟಿ ಮತ್ತು 10 ಕೋಟಿ. ಈ ಮಿತಿಗಳನ್ನು ಏರಿಸಬೇಕು ಅಂತ 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಆದೇಶವೇ ಬಂತು. ಮಿತಿ ಏರಿದಷ್ಟೂ ಸಂಸತ್ತಿನ ಮುಂದೆ ಬರುವ ಕಡತ ಕಡಿಮೆಯಾಗುತ್ತದೆ. ಆದರೆ ಯುದ್ಧ ಹೆಲಿಕಾಪ್ಟರ್ ಎಷ್ಟು ದುಬಾರಿ ಅಂದರೆ ಬೆರಳೆಣಿಕೆಯಷ್ಟು ಕೊಂಡರೂ ಮಿತಿ ದಾಟಿಬಿಡುತ್ತದೆ. ಹಾಗಾಗಿ ನಮ್ಮ ವಿಷಯಕ್ಕೆ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ.

ಮಾರಾಟದ ದಾರಿಯೂ ಎರಡು. ಒಂದರಲ್ಲಿ ಅಮೆರಿಕ ಸರ್ಕಾರವೇ ನಡುವೆ ನಿಂತು ಮಾರುತ್ತದೆ. ಇದಕ್ಕೆ ಎಫ್‌ಎಂಎಸ್ (ವಿದೇಶಿ ಸೇನಾ ಮಾರಾಟ) ಅನ್ನುತ್ತಾರೆ. ಪೆಂಟಗನ್‌ನ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ, ಡಿಎಸ್‌ಸಿಎ ಅನ್ನುವ ಸಂಸ್ಥೆ ಇದನ್ನು ನಡೆಸುತ್ತದೆ, ಒಪ್ಪಿಗೆ ಕೊಡುವುದು ವಿದೇಶಾಂಗ ಇಲಾಖೆ. ಇನ್ನೊಂದರಲ್ಲಿ ಕಂಪನಿ ನೇರವಾಗಿ ಮಾರುತ್ತದೆ, ಸರ್ಕಾರ ರಫ್ತು ಲೈಸೆನ್ಸ್ ಮಾತ್ರ ಕೊಡುತ್ತದೆ. ಎರಡನೇ ದಾರಿಯನ್ನು ಸುಮ್ನೆ ಓದಿಕೊಂಡು ಮುಂದೆ ಹೋಗಬೇಡಿ. ಟರ್ಕಿಯ ಕಥೆ ಬಂದಾಗ ಇದೇ ಮುಖ್ಯವಾಗುತ್ತದೆ.

ಮತ ಹಾಕಿ ತಡೆಯುವುದು ಯಾಕೆ ಆಗುತ್ತಿಲ್ಲ

ಆರಂಭದಲ್ಲಿ ಸಂಸತ್ತಿನ ಎರಡೂ ಸದನಗಳು (ಸೆನೆಟ್ ಮತ್ತು ಹೌಸ್) ಸೇರಿ "ಬೇಡ" ಅಂದರೆ ಸಾಕಿತ್ತು. ಅಧ್ಯಕ್ಷರ ಸಹಿ ಬೇಕಿರಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟಿನ ಚಡ್ಡಾ ತೀರ್ಪು ಬಂತು. ಅದು ವಲಸೆಗೆ ಸಂಬಂಧಿಸಿದ ಮೊಕದ್ದಮೆ, ಶಸ್ತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅಧ್ಯಕ್ಷರ ಮುಂದೆ ಇಡದೆ ಸಂಸತ್ತು ಸರ್ಕಾರದ ನಿರ್ಧಾರವನ್ನು ರದ್ದು ಮಾಡುವಂತಿಲ್ಲ ಅಂತ ಕೋರ್ಟು ಹೇಳಿದ ಮೇಲೆ ಶಸ್ತ್ರ ಕಾನೂನೂ ಬದಲಾಗಬೇಕಾಯಿತು. ಈಗ ವಿರೋಧ ನಿರ್ಣಯ ಎರಡೂ ಸದನಗಳಲ್ಲಿ ಪಾಸಾಗಿ ಅಧ್ಯಕ್ಷರ ಬಳಿಗೆ ಹೋಗಬೇಕು. ಮಾರಲು ಹೊರಟಿರುವುದೇ ಅವರ ಸರ್ಕಾರ, ಅವರು ವೀಟೊ ಹಾಕುತ್ತಾರೆ. ವೀಟೊ ಮುರಿಯಲು ಎರಡೂ ಕಡೆ ಮೂರನೇ ಎರಡರಷ್ಟು ಮತ ಬೇಕು.

ಅಷ್ಟು ಹತ್ತಿರ ಒಮ್ಮೆ ಬಂದಿದ್ದರು. 1986ರಲ್ಲಿ ಸೌದಿ ಅರೇಬಿಯಾಕ್ಕೆ ಕ್ಷಿಪಣಿ ಮಾರುವುದನ್ನು ಎರಡೂ ಸದನಗಳು ವಿರೋಧಿಸಿದವು. ಆಗಿನ ಅಧ್ಯಕ್ಷ ರೇಗನ್ ವೀಟೊ ಹಾಕಿದರು. ಸೆನೆಟ್‌ನಲ್ಲಿ ವೀಟೊ ಮುರಿಯಲು ಬಿದ್ದದ್ದು 66 ಮತ, ಬೇಕಿದ್ದದ್ದು 67. 2019ರಲ್ಲಿ ಮತ್ತೆ ಸೌದಿ ಮತ್ತು ಯುಎಇ ವಿಷಯಕ್ಕೆ ಟ್ರಂಪ್ ಮೂರು ನಿರ್ಣಯಗಳಿಗೆ ವೀಟೊ ಹಾಕಿದರು, ಒಂದನ್ನೂ ಮುರಿಯಲು ಆಗಲಿಲ್ಲ. ಆ ಸಲ ಇನ್ನೊಂದು ದಾರಿಯನ್ನೂ ಬಳಸಿದ್ದರು. ತುರ್ತು ಪರಿಸ್ಥಿತಿ ಅಂತ ಘೋಷಿಸಿದರೆ 30 ದಿನ ಕಾಯುವ ಅಗತ್ಯವೇ ಇಲ್ಲ ಅಂತ ಇದೇ ಕಾನೂನಿನಲ್ಲಿದೆ. ಸುಮಾರು 810 ಕೋಟಿ ಡಾಲರ್‌ನ 22 ಮಾರಾಟಗಳು ಹಾಗೇ ಪಾರಾದವು. ಇದು ನನಗೆ ಈ ಕಾನೂನಿನ ದೊಡ್ಡ ತೂತು ಅನ್ನಿಸುತ್ತದೆ, ಯಾಕೆಂದರೆ ತುರ್ತು ಹೌದೋ ಅಲ್ಲವೋ ಅಂತ ತೀರ್ಮಾನಿಸುವವರು ಮಾರುವವರೇ.

ಹಾಗಾದರೆ ಸಂಸತ್ತಿನ ಶಕ್ತಿ ಎಲ್ಲಿದೆ? ಅಧಿಕೃತ ಪತ್ರ ಕಳಿಸುವ ಮೊದಲು ಸರ್ಕಾರ ಆ ವಿಷಯವನ್ನು ಸೆನೆಟ್ ಮತ್ತು ಹೌಸ್‌ನ ವಿದೇಶಾಂಗ ಸಮಿತಿಗಳಿಗೆ ಅನೌಪಚಾರಿಕವಾಗಿ ತೋರಿಸುತ್ತದೆ. ಎರಡೂ ಸಮಿತಿಗಳ ಅಧ್ಯಕ್ಷರು ಮತ್ತು ವಿರೋಧ ಪಕ್ಷದ ಮುಖ್ಯ ಸದಸ್ಯರು, ಒಟ್ಟು ನಾಲ್ಕು ಜನ. ಇವರಲ್ಲಿ ಒಬ್ಬರು "ತಡೆಯಿರಿ, ನನಗೆ ಪ್ರಶ್ನೆಗಳಿವೆ" ಅಂದರೆ ಕಡತ ಅಲ್ಲೇ ಕೂರುತ್ತದೆ. ಇದನ್ನು ಹೋಲ್ಡ್ ಅನ್ನುತ್ತಾರೆ. ಮತವಿಲ್ಲ, ಚರ್ಚೆಯಿಲ್ಲ, ಎಷ್ಟೋ ಸಲ ಹೊರಗೆ ಗೊತ್ತೂ ಆಗುವುದಿಲ್ಲ. ಇದು ಕಾನೂನಲ್ಲ, ವಾಡಿಕೆ ಅಷ್ಟೇ. ಸರ್ಕಾರ ಮನಸ್ಸು ಮಾಡಿದರೆ ಮೀರಬಹುದು, 2025ರ ಫೆಬ್ರವರಿಯಲ್ಲಿ ಇಸ್ರೇಲ್ ವಿಷಯದಲ್ಲಿ ಮೀರಿದ್ದೂ ಆಗಿದೆ. ಆದರೂ ನಾನು ನೋಡಿದ ಮಟ್ಟಿಗೆ ಹೆಲಿಕಾಪ್ಟರ್ ಮಾರಾಟಗಳ ವಿಷಯದಲ್ಲಿ ಜಾಸ್ತಿ ಕೆಲಸ ಮಾಡಿರುವುದು ಇದೇ.

ಇರಾಕ್: ಒಂದು ಪತ್ರವನ್ನು ಬಿಡಿಸಿ ಓದೋಣ

ಇರಾಕ್‌ಗೆ ಅಪಾಚೆ ಅನ್ನುವ ಯುದ್ಧ ಹೆಲಿಕಾಪ್ಟರ್ ಕೊಡುವ ವಿಷಯವನ್ನು ಸೆನೆಟ್ ಸಮಿತಿಯ ಅಧ್ಯಕ್ಷರಾಗಿದ್ದ ಮೆನೆಂಡೆಜ್ 2013ರಲ್ಲಿ ಹಿಡಿದಿಟ್ಟಿದ್ದರು. ಪ್ರಧಾನಿ ಮಾಲಿಕಿ ಆ ಹೆಲಿಕಾಪ್ಟರ್‌ಗಳನ್ನು ತಮ್ಮದೇ ಜನರ ಮೇಲೆ ಬಳಸಿಬಿಟ್ಟರೆ ಅನ್ನುವ ಆತಂಕ. 2014ರ ಜನವರಿಯಲ್ಲಿ ಇರಾಕ್‌ನ ಫಲ್ಲೂಜಾ ನಗರ ಉಗ್ರರ ಕೈಸೇರಿತು, ಒತ್ತಡ ಜೋರಾಯಿತು, ಭರವಸೆಗಳು ಬಂದವು, ತಡೆ ತೆರವಾಯಿತು. ಜನವರಿ 27ಕ್ಕೆ ಡಿಎಸ್‌ಸಿಎ ಅಧಿಕೃತವಾಗಿ ತಿಳಿಸಿತು: 24 ಎಎಚ್-64ಇ ಅಪಾಚೆಗಳ ಮಾರಾಟ, ಅಂದಾಜು 480 ಕೋಟಿ ಡಾಲರ್. ಜೊತೆಗೆ ಬಾಡಿಗೆಗೆ ಇನ್ನೂ 6, ಅದಕ್ಕೆ ಬೇರೆ ಪ್ರಕಟಣೆ.

ಆ ಪ್ರಕಟಣೆಯ ಪಟ್ಟಿ ನೋಡಿ. ಹೆಲಿಕಾಪ್ಟರ್ 24. ಎಂಜಿನ್ 56. ಅಪಾಚೆಗೆ ಎರಡು ಎಂಜಿನ್, ಅಂದರೆ 48 ಹಾಕಿದ ಮೇಲೆ 8 ಉಳಿಯುತ್ತವೆ. ಅವು ಬದಲಿಗೆ. ಹೆಲ್‌ಫೈರ್ ಕ್ಷಿಪಣಿ 480. ಆಮೇಲೆ ರಾತ್ರಿ ನೋಡುವ ಸೆನ್ಸರ್, ಬಿಡಿಭಾಗ, ತರಬೇತಿ, ರಿಪೇರಿಗೆ ಬೇಕಾದ ನೆರವು. ಬೆಲೆ ಯಾಕೆ ಅಷ್ಟು ಅಂತ ಇದರಿಂದ ಗೊತ್ತಾಗುತ್ತದೆ. ಇನ್ನೊಂದು ವಿಷಯವೂ ಗೊತ್ತಾಗುತ್ತದೆ, ನನ್ನ ಮಟ್ಟಿಗೆ ಅದೇ ಮುಖ್ಯ: ಹೆಲಿಕಾಪ್ಟರ್ ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವ ವಸ್ತುವಲ್ಲ. ಎಂಜಿನ್, ಗೇರ್‌ಬಾಕ್ಸ್, ರೆಕ್ಕೆ ಎಲ್ಲಕ್ಕೂ ಇಷ್ಟು ಗಂಟೆ ಹಾರಾಟ ಅಂತ ಲೆಕ್ಕವಿದೆ. ಬಿಡಿಭಾಗ ಬರುವುದು ನಿಂತರೆ ಕೊಂಡವರ ಹ್ಯಾಂಗರ್‌ನಲ್ಲಿ ಅದು ನಿಂತೇ ಇರುತ್ತದೆ. ಹಾಗಾಗಿ ಮಾರಿದವರ ಹಿಡಿತ ಮಾರಾಟದ ದಿನಕ್ಕೆ ಮುಗಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಇರಾಕ್ ಆ ಅಪಾಚೆಗಳನ್ನು ಕೊಂಡಿತೇ? ಇಲ್ಲ. ಒಪ್ಪಂದಕ್ಕೆ ಸಹಿಯೇ ಆಗಲಿಲ್ಲ. ಪರೀಕ್ಷೆಯಲ್ಲಿ ಇದನ್ನು ಖಂಡಿತ ಬರೆಯಿರಿ. ಸಂಸತ್ತಿಗೆ ತಿಳಿಸಿದ್ದು ಅಂದರೆ ಮಾರಾಟವಾಯಿತು ಅಂತ ಅರ್ಥವಲ್ಲ, ಮಾರಬಹುದು ಅಂತ ಅಷ್ಟೇ. ಅದರಲ್ಲಿರುವ ಮೊತ್ತವೂ ಗರಿಷ್ಠ ಅಂದಾಜು. "ಅಮೆರಿಕ ಇಷ್ಟು ಕೋಟಿಗೆ ಮಾರಿತು" ಅಂತ ಸುದ್ದಿಯಲ್ಲಿ ಬಂದಾಗ ಜಾಸ್ತಿ ಸಲ ಅವರು ನೋಡಿರುವುದು ಈ ಪ್ರಕಟಣೆಯನ್ನು.

ಈಜಿಪ್ಟ್: ಕೊಟ್ಟ ಮೇಲೆ ಏನು ನೋಡುತ್ತಾರೆ

2013ರಲ್ಲಿ ಈಜಿಪ್ಟ್‌ನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಒಬಾಮಾ ಸರ್ಕಾರ ಅಪಾಚೆ ಪೂರೈಕೆ ನಿಲ್ಲಿಸಿತು. 2014ರ ಏಪ್ರಿಲ್‌ನಲ್ಲಿ 10 ಅಪಾಚೆ ಕೊಡುತ್ತೇವೆ ಅಂದಿತು, ಸಿನಾಯ್‌ನಲ್ಲಿ ಉಗ್ರರ ವಿರುದ್ಧ ಬೇಕು ಅನ್ನುವುದು ಕಾರಣ. ವರ್ಷದ ಕೊನೆಗೆ ಕೊಟ್ಟಿತು. 2015ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟ್‌ನ ಪಶ್ಚಿಮ ಮರುಭೂಮಿಯಲ್ಲಿ ಊಟಕ್ಕೆ ನಿಂತಿದ್ದ ಪ್ರವಾಸಿಗರ ಗುಂಪಿನ ಮೇಲೆ ಸೇನೆ ಆಕಾಶದಿಂದ ದಾಳಿ ಮಾಡಿತು. ಉಗ್ರರು ಅಂದುಕೊಂಡರಂತೆ. 12 ಜನ ಸತ್ತರು, ಅವರಲ್ಲಿ 8 ಜನ ಮೆಕ್ಸಿಕೊದವರು. ದಾಳಿಯಲ್ಲಿ ಅಪಾಚೆ ಇತ್ತು ಅಂತ ಬದುಕುಳಿದವರ ಮಾತಿನಿಂದ ವರದಿಯಾಯಿತು.

ಮಾರಿದ ಮೇಲೂ ಗಮನಿಸುತ್ತೇವೆ ಅಂತ ಅಮೆರಿಕ ಹೇಳುತ್ತದಲ್ಲ, ಅದಕ್ಕೆ ಎರಡು ಕಾರ್ಯಕ್ರಮಗಳಿವೆ. ಸರ್ಕಾರ ಮಾರಿದ್ದಕ್ಕೆ ಪೆಂಟಗನ್‌ನ ಗೋಲ್ಡನ್ ಸೆಂಟ್ರಿ, ಕಂಪನಿ ಮಾರಿದ್ದಕ್ಕೆ ವಿದೇಶಾಂಗ ಇಲಾಖೆಯ ಬ್ಲೂ ಲ್ಯಾಂಟರ್ನ್. ಇವುಗಳ ಕೆಲಸ ಮುಖ್ಯವಾಗಿ ಏನು ಗೊತ್ತಾ? ಕೊಟ್ಟ ವಸ್ತು ಕೊಟ್ಟ ಕಡೆಯೇ ಇದೆಯೇ, ಬೇರೆಯವರ ಕೈಗೆ ಹೋಗಿಲ್ಲ ತಾನೇ, ಭದ್ರವಾಗಿ ಇಟ್ಟಿದ್ದಾರೆಯೇ. ರಾತ್ರಿ ನೋಡುವ ಕನ್ನಡಕದಂಥ ಸೂಕ್ಷ್ಮ ವಸ್ತುಗಳಾದರೆ ಸೀರಿಯಲ್ ನಂಬರ್ ಹಿಡಿದು ಎಣಿಸುತ್ತಾರೆ. ಆದರೆ ಆ ಕನ್ನಡಕ ಹಾಕಿಕೊಂಡು ಯಾರ ಮೇಲೆ ಗುಂಡು ಹಾರಿಸಿದರು ಅನ್ನುವುದು ಈ ತಪಾಸಣೆಯ ಪ್ರಶ್ನೆಯಲ್ಲ. ಕಾಯ್ದೆಯ 4ನೇ ಸೆಕ್ಷನ್ ಆತ್ಮರಕ್ಷಣೆ, ಆಂತರಿಕ ಭದ್ರತೆಯಂಥ ಉದ್ದೇಶಕ್ಕೆ ಮಾತ್ರ ಅಂತ ಹೇಳಿದ್ದರೂ ಅದನ್ನು ಹೋಗಿ ನೋಡುವ ವ್ಯವಸ್ಥೆ ಬಹುಕಾಲ ಇರಲೇ ಇಲ್ಲ. ನಾಗರಿಕರಿಗೆ ಹಾನಿಯಾದ ಘಟನೆಗಳನ್ನು ಪರಿಶೀಲಿಸುವ ಮಾರ್ಗಸೂಚಿಯನ್ನು ವಿದೇಶಾಂಗ ಇಲಾಖೆ ತಂದದ್ದು 2023ರಲ್ಲಿ. ಕಾಯ್ದೆ ಬಂದು 47 ವರ್ಷದ ಮೇಲೆ! ಇದನ್ನು ಓದಿದಾಗ ನಿಜವಾಗಿ ಸಿಟ್ಟು ಬಂತು.

ಲೀಹಿ ಕಾನೂನು ಇದೆಯಲ್ಲ ಅಂತ ನೀವು ಕೇಳಬಹುದು. ಮಾನವ ಹಕ್ಕುಗಳನ್ನು ಗಂಭೀರವಾಗಿ ಉಲ್ಲಂಘಿಸಿದ ಸೇನಾ ತುಕಡಿಗೆ ನೆರವು ಕೊಡಬಾರದು ಅನ್ನುವ ಕಾನೂನು ಅದು. ಆದರೆ ಅದು ಅಮೆರಿಕದ ಹಣದಿಂದ ಕೊಡುವ ನೆರವಿಗೆ ಅನ್ವಯಿಸುತ್ತದೆ. ದೇಶವೊಂದು ತನ್ನ ದುಡ್ಡು ಕೊಟ್ಟು ಕೊಂಡರೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಈ ವ್ಯತ್ಯಾಸ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಟರ್ಕಿ: ಎಂಜಿನ್‌ನಲ್ಲಿ ಸಿಕ್ಕಿಬಿದ್ದ ಕಥೆ

ಇದು ನನಗೆ ತುಂಬ ಇಷ್ಟವಾದ ಭಾಗ. ಟರ್ಕಿ ನ್ಯಾಟೊ ಸದಸ್ಯ. 90ರ ದಶಕದಲ್ಲಿ ಅಮೆರಿಕದ 10 ಸೂಪರ್ ಕೋಬ್ರಾ ಯುದ್ಧ ಹೆಲಿಕಾಪ್ಟರ್ ಕೇಳಿತ್ತು. ಆಗ್ನೇಯ ಟರ್ಕಿಯಲ್ಲಿ ಕುರ್ದರ ವಿರುದ್ಧದ ಕಾರ್ಯಾಚರಣೆಯಲ್ಲಿ ಅಮೆರಿಕದ ಶಸ್ತ್ರಗಳು ಬಳಕೆಯಾಗಿವೆ ಅಂತ ಅಮೆರಿಕದ ವಿದೇಶಾಂಗ ಇಲಾಖೆಯೇ 1995ರಲ್ಲಿ ಸಂಸತ್ತಿಗೆ ಹೇಳಿತ್ತು. ಮಾರಾಟ ಎಳೆದಾಡಿತು, 1996ರಲ್ಲಿ ಟರ್ಕಿಯೇ ಬೇಡ ಅಂದಿತು. ಮುಂದೆ 2000ದಲ್ಲಿ 145 ಹೆಲಿಕಾಪ್ಟರ್‌ಗಳ ದೊಡ್ಡ ಯೋಜನೆಗೆ ಅಮೆರಿಕದ ಬೆಲ್ ಕಂಪನಿಯನ್ನು ಆರಿಸಿತು. ಅದೂ 2004ರಲ್ಲಿ ಮುರಿದುಬಿತ್ತು. ಇನ್ನು ಇವರ ಸಹವಾಸ ಬೇಡ ಅಂತ 2007ರಲ್ಲಿ ಇಟಲಿ ಮೂಲದ ಮಾದರಿ ಹಿಡಿದು ಟಿ129 ಅನ್ನುವ ತನ್ನದೇ ಹೆಲಿಕಾಪ್ಟರ್ ಮಾಡಿಕೊಂಡಿತು.

ಆದರೆ ಅದರ ಎಂಜಿನ್ ಅಮೆರಿಕದ ಹನಿವೆಲ್ ಮತ್ತು ರೋಲ್ಸ್ ರಾಯ್ಸ್ ಸೇರಿ ಮಾಡಿದ್ದು. 2018ರಲ್ಲಿ ಪಾಕಿಸ್ತಾನ 30 ಟಿ129 ಕೊಳ್ಳಲು ಒಪ್ಪಿತು. ಎಂಜಿನ್ ಬೇರೆ ದೇಶಕ್ಕೆ ಹೋಗಬೇಕಾದರೆ ಅಮೆರಿಕದ ರಫ್ತು ಲೈಸೆನ್ಸ್ ಬೇಕು. ಮೊದಲು ಹೇಳಿದ ಎರಡನೇ ದಾರಿ ಇದೇ. ಲೈಸೆನ್ಸ್ ಬರಲಿಲ್ಲ. ಅದೇ ಕಾಲಕ್ಕೆ ಟರ್ಕಿ ರಷ್ಯಾದ ಎಸ್-400 ವಾಯು ರಕ್ಷಣಾ ಕ್ಷಿಪಣಿ ವ್ಯವಸ್ಥೆ ಕೊಂಡಿತ್ತು, ಅಮೆರಿಕ ಸಂಸತ್ತಿನ ಪ್ರಮುಖ ಸದಸ್ಯರು ಟರ್ಕಿಗೆ ದೊಡ್ಡ ಶಸ್ತ್ರ ಮಾರಾಟಗಳನ್ನು ಸದ್ದಿಲ್ಲದೆ ತಡೆದಿದ್ದಾರೆ ಅನ್ನುವುದು 2020ರಲ್ಲಿ ಹೊರಬಂತು. ಪಾಕಿಸ್ತಾನ ಗಡುವು ಮುಂದೂಡುತ್ತಾ ಹೋಗಿ ಕೊನೆಗೆ ಕೈಬಿಟ್ಟಿತು. ಅದೇ ಎಂಜಿನ್‌ನ ಅದೇ ಹೆಲಿಕಾಪ್ಟರ್ ಫಿಲಿಪ್ಪೀನ್ಸ್‌ಗೆ ಹೋಗಲು 2021ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಾಗಿ ನಿಯಮಕ್ಕಿಂತ ಜಾಸ್ತಿ ಇಲ್ಲಿ ಕೊಳ್ಳುವವರು ಯಾರು ಅನ್ನುವುದೇ ತೂಗಿದೆ. ಟರ್ಕಿ ಈಗ ತನ್ನದೇ ಎಂಜಿನ್ ಮಾಡುವ ಕೆಲಸದಲ್ಲಿದೆ, ಹೆಸರು ಟಿಎಸ್1400.

ಪಾಕಿಸ್ತಾನಕ್ಕೆ ಇದು ಎರಡನೇ ಏಟು. 2015ರಲ್ಲಿ ಅಮೆರಿಕ 15 ಎಎಚ್-1ಝಡ್ ವೈಪರ್ ಹೆಲಿಕಾಪ್ಟರ್, 1000 ಹೆಲ್‌ಫೈರ್ ಕ್ಷಿಪಣಿಗಳ ಮಾರಾಟವನ್ನು ಸಂಸತ್ತಿಗೆ ತಿಳಿಸಿತ್ತು, 95.2 ಕೋಟಿ ಡಾಲರ್. ಗಡುವು ಮುಗಿಯಿತು, ಯಾರೂ ತಡೆಯಲಿಲ್ಲ, ಕಾಗದದ ಮೇಲೆ ಎಲ್ಲ ಸರಿಯಾಯಿತು. ಹೆಲಿಕಾಪ್ಟರ್‌ಗಳು ತಯಾರಾಗಲೂ ತೊಡಗಿದವು. 2018ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಪಾಕಿಸ್ತಾನಕ್ಕೆ ಭದ್ರತಾ ನೆರವು ನಿಲ್ಲಿಸಿತು. ತಯಾರಾದವು ಪಾಕಿಸ್ತಾನಕ್ಕೆ ಹೋಗದೆ ಅರಿಜೋನಾದ ಡೇವಿಸ್-ಮಾಂಥನ್ ವಾಯುನೆಲೆಯ ಸಂಗ್ರಹಾಗಾರ ಸೇರಿದವು. ಇದನ್ನು ನಿಲ್ಲಿಸಿದ್ದು ಸಂಸತ್ತಲ್ಲ, ಸರ್ಕಾರವೇ.

2025ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಚೀನಾದ ಝಡ್-10ಎಂಇ ಹೆಲಿಕಾಪ್ಟರ್‌ಗಳನ್ನು ಸೇನೆಗೆ ಸೇರಿಸಿಕೊಂಡಿತು. "ನಾವು ಕೊಡದಿದ್ದರೆ ಅವರು ಚೀನಾಕ್ಕೆ ಹೋಗುತ್ತಾರೆ" ಅನ್ನುವವರಿಗೆ ಇದು ಸಿಕ್ಕ ಪುರಾವೆ, ಹೋಲ್ಡ್ ಕುರಿತು ಪ್ರಶ್ನೆ ಬಂದರೆ ಈ ವಾದವನ್ನೂ ಎದುರಿಸಿಯೇ ಬರೆಯಬೇಕು. ನನ್ನ ಉತ್ತರ ಇಷ್ಟು: ಕೊಳ್ಳುವವರು ಬೇರೆ ಕಡೆ ಹೋಗುತ್ತಾರೆ ಅನ್ನುವುದು ನಿಜ, ಆದರೆ ಆ ಒಂದೇ ಕಾರಣಕ್ಕೆ ಪ್ರಶ್ನೆ ಕೇಳುವುದನ್ನು ಬಿಟ್ಟರೆ 2013ರಲ್ಲಿ ಮಾಲಿಕಿ ಬಗ್ಗೆ ಕೇಳಿದ್ದನ್ನೂ ಕೇಳುವಂತಿರಲಿಲ್ಲ, ಮರುಭೂಮಿಯಲ್ಲಿ ಸತ್ತ 12 ಜನರ ಬಗ್ಗೆಯೂ ಕೇಳುವಂತಿರುವುದಿಲ್ಲ, ಅಲ್ವಾ?